ಕಡಲ್ಕೊರೆತವನ್ನು ಅಳೆಯೋಣ ಬನ್ನಿ



ಅಲೆಗಳು ದಡವನ್ನು ಕೊರೆದು ಒಯ್ಯುವುದಕ್ಕೆ ಕನ್ನಡದಲ್ಲಿ ಕಡಲ್ಕೊರೆತ ಎನ್ನುತ್ತಾರೆ. ಮಂಗಳೂರಿನ ಬಳಿಯ ಉಳ್ಳಾಲದಲ್ಲಿ ಮಳೆಗಾಲ ಬಂತೆಂದರೆ ಈ ಮಾತು ಪದೇ ಪದೇ ಕೇಳಿಬರುತ್ತದೆ. ಲಂಡನ್ನಿನಲ್ಲಿರುವ ನಾವು ಅದನ್ನು ಕಣ್ಣಾರೆ ನೋಡಬೇಕಾದರೆ ಎಸೆಕ್ಸ್‌ನ ವಾಲ್ಟನ್-ಆನ್-ದ-ನೇಝ್ ಊರಿಗೆ ಹೋಗಬಹುದು. ಲಿವರ್‌ಪೂಲ್ ಸ್ಟ್ರೀಟ್‌ನಿಂದ ರೈಲಿನಲ್ಲಿ ಹೋಗಿ ಸಂಜೆಗೆ ಹಿಂತಿರುಗಬಹುದು.

ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ ಭೂಗೋಳ ಓದುವವರು ಕನಿಷ್ಠ ಎರಡು ಸಲ ಕ್ಷೇತ್ರಕಾರ್ಯ ಮಾಡಬೇಕು. ಅದರ ಮೇಲೆ ಪರೀಕ್ಷೆಯಲ್ಲಿ ಪ್ರಶ್ನೆಗಳೂ ಬರುತ್ತವೆ. ಆದ್ದರಿಂದ ತಯಾರಿ ಹೇಗೆಂದು ತಿಳಿಯೋಣ.

1. ಸ್ಥಳದ ಪರಿಚಯ

ನೇಝ್‌ನ ಕಡಿದಾದ ದಡದಲ್ಲಿ ಎರಡು ಮುಖ್ಯ ಪದರಗಳಿವೆ. ಕೆಳಗಿರುವುದು ಸುಮಾರು 5 ಕೋಟಿ ವರ್ಷ ಹಳೆಯ ಲಂಡನ್ ಕ್ಲೇ ಎಂಬ ಜೇಡಿಮಣ್ಣು. ಲಂಡನ್ ನಗರದ ಕೆಳಗೂ ಇದೇ ಮಣ್ಣಿದೆ. ಅದರ ಮೇಲೆ ರೆಡ್ ಕ್ರ್ಯಾಗ್ ಎಂಬ ಕೆಂಪು ಮರಳಿನ ಪದರವಿದೆ. ಮಳೆ ನೀರು ಮರಳಿನಲ್ಲಿ ಸುಲಭವಾಗಿ ಇಳಿಯುತ್ತದೆ, ಜೇಡಿಮಣ್ಣು ಅದನ್ನು ತಡೆಯುತ್ತದೆ. ನೆನೆದು ಭಾರವಾದ ದಡ ಜಾರುತ್ತದೆ. ಬುಡಕ್ಕೆ ಬಿದ್ದ ಮಣ್ಣನ್ನು ಸಮುದ್ರ ಒಯ್ಯುತ್ತದೆ. ಹೀಗೆ ದಡ ಹಿಂದೆ ಸರಿಯುತ್ತಲೇ ಇದೆ.

ದಡದ ಮೇಲೆ, ಹಡಗುಗಳಿಗೆ ಗುರುತಾಗಲೆಂದು 1720-21ರಲ್ಲಿ ಕಟ್ಟಿದ ನೇಝ್ ಟವರ್ ಇದೆ. ಅದರ ಮುಂದಿನ ದಡದ ಬುಡವನ್ನು ರಕ್ಷಿಸಲು 2011ರಲ್ಲಿ ಸುಮಾರು 110 ಮೀಟರ್ ಉದ್ದದ ಕ್ರ್ಯಾಗ್ ವಾಕ್ ಎಂಬ ಕಲ್ಲಿನ ತಡೆಯನ್ನು ನಿರ್ಮಿಸಲಾಯಿತು.

2. ಒಂದು ಪ್ರಶ್ನೆ

ಹೊರಡುವ ಮೊದಲೇ ಒಂದೇ ಒಂದು ಪ್ರಶ್ನೆ ಬರೆದುಕೊಳ್ಳಿ. ಉದಾಹರಣೆಗೆ: ಕ್ರ್ಯಾಗ್ ವಾಕ್ ಹಿಂದಿನ ದಡಕ್ಕಿಂತ ಅದರಾಚೆಯ ದಡ ಹೆಚ್ಚು ಕುಸಿದಿದೆಯೇ? ಪ್ರಶ್ನೆ ಇಲ್ಲದಿದ್ದರೆ ಏನನ್ನು ಅಳೆಯಬೇಕೆಂದೇ ತಿಳಿಯುವುದಿಲ್ಲ.

3. ಉಬ್ಬರವಿಳಿತದ ವೇಳೆ

ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯ ಬೇಕು. ವೇಳೆ ದಿನವೂ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಕೆಲವು ಪಟ್ಟಿಗಳು ಜಿಎಂಟಿ ವೇಳೆ ಕೊಡುತ್ತವೆ. ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಕೂಡಿಸಬೇಕು. ಇದನ್ನು ಮರೆತರೆ ಲೆಕ್ಕ ತಪ್ಪಿ, ದಡಕ್ಕೂ ನೀರಿಗೂ ನಡುವೆ ಸಿಕ್ಕಿಕೊಳ್ಳುವ ಅಪಾಯವಿದೆ. ನೀರು ಇಳಿಯುತ್ತಿರುವಾಗ ಕೆಲಸ ಶುರುಮಾಡಿ, ಏರತೊಡಗುವ ಮೊದಲು ಮರಳಿ ಹೊರಡಿ.

ದಡದ ಬುಡದಲ್ಲಿ ಕೂರಬೇಡಿ, ಮೇಲಿನ ಅಂಚಿಗೂ ಹೋಗಬೇಡಿ. ಪಳೆಯುಳಿಕೆಗಾಗಿ ದಡವನ್ನು ಅಗೆಯಬೇಡಿ. ಅಪಾಯವಾದರೆ 999ಕ್ಕೆ ಕರೆಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಹೇಳಿ.

4. ಅಳತೆಗಳು

ತಡೆಯ ಹಿಂದೆ ಮೂರು ಜಾಗ, ಅದರಾಚೆ ಮೂರು ಜಾಗ ಆರಿಸಿಕೊಳ್ಳಿ. ಎಲ್ಲ ಕಡೆಯೂ ಒಂದೇ ರೀತಿಯಲ್ಲಿ ಅಳೆಯಿರಿ:

- ದೂರದಲ್ಲಿ ನಿಂತು ದಡದ ಇಳಿಜಾರಿನ ಕೋನ. ಕೋನಮಾಪಕಕ್ಕೆ ದಾರ ಮತ್ತು ಸಣ್ಣ ತೂಕ ಕಟ್ಟಿದರೆ ಸಾಕು.
- ದಡದಲ್ಲಿ ಗಿಡ, ಹುಲ್ಲು ಎಷ್ಟು ಭಾಗ ಆವರಿಸಿದೆ? ಗಿಡ ಬೆಳೆದಿದ್ದರೆ ಇತ್ತೀಚೆಗೆ ಹೆಚ್ಚು ಕುಸಿದಿಲ್ಲವೆಂಬ ಸೂಚನೆ.
- ಬುಡದಲ್ಲಿ ಹೊಸದಾಗಿ ಜಾರಿದ ಮಣ್ಣಿದೆಯೇ?
- ನಿಮಿಷಕ್ಕೆ ಎಷ್ಟು ಅಲೆಗಳು? ಹತ್ತು ನಿಮಿಷ ಎಣಿಸಿ ಸರಾಸರಿ ತೆಗೆಯಿರಿ.
- ಪೆನ್ಸಿಲ್ಲಿನಲ್ಲಿ ಒಂದು ರೇಖಾಚಿತ್ರ.

5. ವರದಿ

ಒಂದು ದಿನದ ಅಳತೆಯಿಂದ ದಡ ವರ್ಷಕ್ಕೆ ಎಷ್ಟು ಸರಿಯಿತೆಂದು ಹೇಳಲಾಗದು. ಅದಕ್ಕೆ ಹಳೆಯ ಮತ್ತು ಹೊಸ ಆರ್ಡ್‌ನೆನ್ಸ್ ಸರ್ವೇ ನಕ್ಷೆಗಳಲ್ಲಿ ಟವರ್‌ನಿಂದ ಅಂಚಿನವರೆಗಿನ ದೂರವನ್ನು ಹೋಲಿಸಿ. ನಿಮ್ಮ ಊಹೆಗೆ ವಿರುದ್ಧವಾದ ಅಂಕಿ ಬಂದರೂ ತಿದ್ದಬೇಡಿ. ಕಾರಣ ಯೋಚಿಸಿ ಬರೆಯಿರಿ. ಉಳ್ಳಾಲದಲ್ಲೂ ಕಲ್ಲಿನ ತಡೆ ಹಾಕಿದ್ದಾರೆ. ಅಲ್ಲಿರುವುದು ಮರಳು ತೀರ, ಮುಂಗಾರಿನ ಅಲೆಗಳು. ರಜೆಯಲ್ಲಿ ಕರಾವಳಿಗೆ ಹೋದರೆ ಅದನ್ನೂ ನೋಡಿ ಹೋಲಿಸಿ.

ಪೋಷಕರಲ್ಲಿ ಒಂದು ವಿನಂತಿ: ಪಾಠ ತಪ್ಪುತ್ತದೆ, ಚಳಿ ಇದೆ ಎಂದು ಮಕ್ಕಳನ್ನು ಶಾಲೆಯ ಕ್ಷೇತ್ರಕಾರ್ಯಕ್ಕೆ ಕಳಿಸದೆ ಇರಬೇಡಿ. ಇದೂ ಪಾಠವೇ. ಮಳೆ ಅಂಗಿ, ಗಟ್ಟಿ ಬೂಟು, ಬುತ್ತಿ ಕೊಟ್ಟು ಕಳಿಸಿ. ವರದಿಯನ್ನು ಮಾತ್ರ ಅವರೇ ಬರೆಯಲಿ.