ಒಂದೇ ವಿ.ವಿ., ಹಲವು ದೇಶ: ಕ್ಯಾಂಪಸ್ ಆರಿಸುವ ಮುನ್ನ

ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಸರ್ಕೀಟ್ ಬೋರ್ಡ್ ತಯಾರಿಸುವ ಎಟಿ ಅಂಡ್ ಎಸ್ ಕಂಪನಿಯ ಮೂಲ ಆಸ್ಟ್ರಿಯಾ. ಚೀನಾ, ಮಲೇಷ್ಯಾಗಳಲ್ಲೂ ಅದರ ಕಾರ್ಖಾನೆಗಳಿವೆ. ಅದೇ ಊರಿನಲ್ಲಿ ಕಾಫಿ ಪುಡಿ ಮಾಡುವ ನೆಸ್ಲೆ ಸ್ವಿಟ್ಜರ್ಲೆಂಡಿನದು. ಹತ್ತಾರು ದೇಶಗಳಲ್ಲಿ ಬಾಗಿಲು ತೆರೆದ ಸಂಸ್ಥೆಗಳು ಇಲ್ಲಿನವರಿಗೆ ಹೊಸದೇನಲ್ಲ. ಈಗ ವಿಶ್ವವಿದ್ಯಾಲಯಗಳೂ ಅದೇ ದಾರಿ ಹಿಡಿದಿವೆ. ಅದರಲ್ಲಿ ವಾಣಿಜ್ಯ, ಅರ್ಥಶಾಸ್ತ್ರ ವಿಭಾಗಗಳೇ ಮುಂದು. ದೊಡ್ಡ ಪ್ರಯೋಗಾಲಯ ಬೇಡ, ಆಸ್ಪತ್ರೆ ಬೇಡ. ತರಗತಿಯ ಕೋಣೆ, ಒಳ್ಳೆಯ ಮೇಷ್ಟ್ರು ಇದ್ದರೆ ಕೋರ್ಸ್ ಶುರು.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ 1998ರಲ್ಲೇ ಮಲೇಷ್ಯಾದಲ್ಲಿ ಕ್ಯಾಂಪಸ್ ತೆರೆಯಿತು. ಮೆಲ್ಬರ್ನ್‌ನಲ್ಲಿರುವಂತೆ ಅಲ್ಲೂ ಅದರ ವಾಣಿಜ್ಯ ಪದವಿ ಓದಬಹುದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿ.ವಿ.ಯ ಬಿಸಿನೆಸ್ ಸ್ಕೂಲ್ ಮಲೇಷ್ಯಾ ಮತ್ತು ಚೀನಾದ ನಿಂಗ್ಬೊದಲ್ಲೂ ಪಾಠ ಹೇಳುತ್ತದೆ. ನಮ್ಮವರೂ ಹಿಂದೆ ಬಿದ್ದಿಲ್ಲ. ಮಣಿಪಾಲದ ಮಾಹೆ 2000ದಲ್ಲೇ ದುಬೈಗೆ ಹೋಯಿತು; ಅಲ್ಲಿ ಬಿಬಿಎ, ಎಂಬಿಎ ಓದಿದವರಿಗೆ ಸಿಗುವುದು ಕರ್ನಾಟಕದ ವಿ.ವಿ.ಯ ಪದವಿ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆಯ ಕ್ಯಾಂಪಸ್ ಮಾರಿಷಸ್‌ನಲ್ಲಿದೆ, ಆದರೆ ಅದರ ಹೆಸರು ಹೆಚ್ಚಾಗಿ ಔಷಧ ಮತ್ತು ಜೀವವಿಜ್ಞಾನದ್ದು.

ಈಗ ವಿದೇಶಿ ವಿ.ವಿ.ಗಳೇ ಇಲ್ಲಿಗೆ ಬರುತ್ತಿವೆ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಆಸ್ಟ್ರೇಲಿಯಾದ ಡೀಕಿನ್, ವುಲಂಗಾಂಗ್; ಗುರುಗ್ರಾಮದಲ್ಲಿ 2025ರಿಂದ ಇಂಗ್ಲೆಂಡಿನ ಸೌತಾಂಪ್ಟನ್. ಲಿವರ್‌ಪೂಲ್ ವಿ.ವಿ.ಗೆ 2025ರ ಮೇನಲ್ಲಿ ಬೆಂಗಳೂರು ಕ್ಯಾಂಪಸ್‌ಗೆ ಯುಜಿಸಿಯ ಸಮ್ಮತಿ ಪತ್ರ ಸಿಕ್ಕಿತು. 2026ರ ಆಗಸ್ಟ್‌ನಿಂದ ತರಗತಿ ಎಂದು ಅದು ಘೋಷಿಸಿತು. ಮೊದಲ ಪಟ್ಟಿಯಲ್ಲೇ ಬಿಸಿನೆಸ್ ಮ್ಯಾನೇಜ್‌ಮೆಂಟ್, ಅಕೌಂಟಿಂಗ್ ಅಂಡ್ ಫೈನಾನ್ಸ್ ಇವೆ. ತಿ. ನರಸೀಪುರದ ಹುಡುಗಿಗೆ ಇಂಗ್ಲೆಂಡಿನ ಪದವಿ ಓದಲು ವಿಮಾನವೇ ಬೇಕೆಂದೇನಿಲ್ಲ, ವೈಟ್‌ಫೀಲ್ಡ್‌ ಕಡೆಗೆ ಹೋಗುವ ಬಸ್ಸು ಸಾಕು.

ಪ್ರಮಾಣಪತ್ರ ಒಂದೇ, ಉಳಿದದ್ದೆಲ್ಲ ಬೇರೆ

ಕರಪತ್ರಗಳಲ್ಲಿ ದಪ್ಪಕ್ಷರದಲ್ಲಿ ಇರುವುದು 'ಅದೇ ಪದವಿ' ಎಂಬ ಮಾತು. ಮಾತು ನಿಜ. ಆದರೆ ಶುಲ್ಕ, ವೀಸಾ, ಓದು ಮುಗಿದ ಮೇಲೆ ಕೆಲಸ ಮಾಡುವ ಹಕ್ಕು, ಇವು ಮೂರೂ ಪ್ರಮಾಣಪತ್ರದ ಮೇಲಿನ ಹೆಸರನ್ನು ನೋಡುವುದಿಲ್ಲ, ಓದಿದ ನೆಲವನ್ನು ನೋಡುತ್ತವೆ. ಮೊನಾಶ್‌ನ ಮಲೇಷ್ಯಾ ಕ್ಯಾಂಪಸ್‌ನಲ್ಲಿ ಪೂರ್ತಿ ಓದಿದವರು ಆಸ್ಟ್ರೇಲಿಯಾದ ಪದವೀಧರ ವೀಸಾ ಕೇಳುವಂತಿಲ್ಲ. ಅದಕ್ಕೆ ಆಸ್ಟ್ರೇಲಿಯಾದಲ್ಲೇ ಓದಿರಬೇಕು. ಬೆಂಗಳೂರಿನಲ್ಲಿ ಲಿವರ್‌ಪೂಲ್ ಪದವಿ ಪಡೆದವರಿಗೂ ಬ್ರಿಟನ್ನಿನ ಗ್ರಾಜುಯೇಟ್ ವೀಸಾ ತಾನಾಗಿ ಸಿಗುವುದಿಲ್ಲ. 'ಅಲ್ಲಿ ಓದಿ ಅಲ್ಲೇ ಎರಡು ವರ್ಷ ದುಡಿದು ಸಾಲ ತೀರಿಸುತ್ತೇನೆ' ಎಂಬ ಲೆಕ್ಕ ಇಟ್ಟುಕೊಂಡವರಿಗೆ ಅಗ್ಗದ ಕ್ಯಾಂಪಸ್ ದುಬಾರಿಯಾಗುವುದು ಇಲ್ಲಿಯೇ.

ಎದುರು ಲೆಕ್ಕವೂ ಇದೆ. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾದ ಅರ್ಜಿ ಶುಲ್ಕವೇ 2025ರ ಜುಲೈನಿಂದ 2,000 ಆಸ್ಟ್ರೇಲಿಯನ್ ಡಾಲರ್, ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಗೂ ಹೆಚ್ಚು. ವೀಸಾ ತಿರಸ್ಕೃತವಾದರೆ ಈ ಹಣ ಸಾಮಾನ್ಯವಾಗಿ ಹೋದಂತೆಯೇ. ಇದರ ಮೇಲೆ ಒಂದು ವರ್ಷದ ಖರ್ಚಿಗೆ 29,710 ಡಾಲರ್ ಇದೆಯೆಂದು ತೋರಿಸಬೇಕು. ಕಾಲೇಜು ಶುಲ್ಕ, ಪ್ರಯಾಣದ ಖರ್ಚು ಬೇರೆ. ಮೈಸೂರು ಅಥವಾ ಬೆಂಗಳೂರಿನಲ್ಲೇ ಕೆಲಸ ಹಿಡಿಯುವ ಯೋಚನೆ ಇದ್ದವರಿಗೆ ಅಷ್ಟು ದೂರ ಹೋಗುವ ಅಗತ್ಯವೇ ಕಾಣುವುದಿಲ್ಲ. ಆದ್ದರಿಂದ ಮೊದಲು ಕೂತು ಬರೆಯಬೇಕಾದ್ದು ಕಾಲೇಜುಗಳ ಪಟ್ಟಿಯಲ್ಲ, ಪದವಿ ಮುಗಿದ ಮರುವರ್ಷ ಯಾವ ಊರಿನಲ್ಲಿ ಸಂಬಳ ಎಣಿಸಬೇಕು ಎಂಬುದು.

ಮಾನ್ಯತೆ

ಭಾರತದೊಳಗಿನ ವಿದೇಶಿ ಕ್ಯಾಂಪಸ್‌ಗಳಿಗೆ ಯುಜಿಸಿಯ 2023ರ ನಿಯಮಗಳಿವೆ. ಅವುಗಳ ಪ್ರಕಾರ ಇಲ್ಲಿ ಕೊಡುವ ಪದವಿ ಮೂಲ ದೇಶದ ಪದವಿಗೆ ಸಮ, ಬೇರೆ ತತ್ಸಮಾನ ಪತ್ರ ಬೇಡ. ಗಿಫ್ಟ್ ಸಿಟಿಯದು ಬೇರೆಯೇ ಪ್ರಾಧಿಕಾರದ ನಿಯಮ. ಹೊರದೇಶದಲ್ಲಿ ಓದಿ ಬರುವವರಿಗೆ 2025ರ ಏಪ್ರಿಲ್‌ನ ಯುಜಿಸಿ ನಿಯಮಗಳು ಅನ್ವಯ. ಅದರಲ್ಲಿ ಎರಡು ಮಾತು ನೆನಪಿಡಬೇಕು: ಕ್ಯಾಂಪಸ್ ಇರುವ ದೇಶ ಮತ್ತು ಮೂಲ ದೇಶ ಎರಡರ ಒಪ್ಪಿಗೆಯೂ ಕೋರ್ಸಿಗೆ ಇರಬೇಕು, ಫ್ರಾಂಚೈಸಿ ಪಡೆದ ಖಾಸಗಿ ಸಂಸ್ಥೆ ನಡೆಸುವ ಕೋರ್ಸಿಗೆ ಮಾನ್ಯತೆ ಇಲ್ಲ. ಮುಂದೆ ಕೆಪಿಎಸ್‌ಸಿ ಪರೀಕ್ಷೆ ಬರೆಯುವ ಆಸೆ ಇದ್ದವರಂತೂ ಇದನ್ನು ಮೊದಲೇ ಖಚಿತ ಮಾಡಿಕೊಳ್ಳಬೇಕು.

ಬಿಸಿನೆಸ್ ಸ್ಕೂಲ್‌ಗಳು ಎಎಸಿಎಸ್‌ಬಿ, ಇಕ್ವಿಸ್, ಆಂಬಾ ಎಂಬ ಮೂರು ಮಾನ್ಯತೆಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಮೊನಾಶ್‌ಗೂ ಲಿವರ್‌ಪೂಲ್‌ಗೂ ಮೂರೂ ಇವೆ. ಇವು ಗುಣಮಟ್ಟದ ಮುದ್ರೆಗಳು, ಸರ್ಕಾರಿ ಮಾನ್ಯತೆಗೆ ಬದಲಿಯಲ್ಲ.

ಪಿಯುಸಿಯಲ್ಲೇ ಬೀಳುವ ಗಂಟು

ಎಚ್‌ಇಬಿಎ ಕಾಂಬಿನೇಷನ್‌ನಲ್ಲಿ ಇತಿಹಾಸ, ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಇರುತ್ತವೆ, ಗಣಿತ ಇರುವುದಿಲ್ಲ. ಹೊರಗಿನ ವಿ.ವಿ.ಗಳಲ್ಲಿ ಅರ್ಥಶಾಸ್ತ್ರವೆಂದರೆ ಬಹುಪಾಲು ಗಣಿತವೇ. ಶೇ 95 ಅಂಕ ತೆಗೆದ ವಿದ್ಯಾರ್ಥಿಗೂ ಇದೊಂದರಿಂದಲೇ ಬಾಗಿಲು ಮುಚ್ಚಬಹುದು. ಎಸ್‌ಎಸ್‌ಎಲ್‌ಸಿ ಮುಗಿಸಿ ಕಾಲೇಜಿಗೆ ಅರ್ಜಿ ಹಾಕುವಾಗಲೇ ಬೇಸಿಕ್ ಮ್ಯಾಥ್ಸ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಇರುವ ಕಾಂಬಿನೇಷನ್ ಕೇಳುವುದು ಜಾಣತನ. ಬೇಸಿಕ್ ಮ್ಯಾಥ್ಸ್ ಒಪ್ಪುತ್ತೀರಾ ಎಂದು ವಿ.ವಿ.ಯ ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು ಲಿಖಿತ ಉತ್ತರ ತರಿಸಿಕೊಳ್ಳಬೇಕು. ಮ್ಯಾನೇಜ್‌ಮೆಂಟ್, ಮಾರ್ಕೆಟಿಂಗ್ ಕೋರ್ಸ್‌ಗಳಲ್ಲಿ ಈ ಬಿಗಿ ಕಡಿಮೆ.

ಇಂಗ್ಲಿಷ್‌ಗೆ ಸಾಮಾನ್ಯವಾಗಿ ಐಇಎಲ್‌ಟಿಎಸ್‌ನಲ್ಲಿ 6ರಿಂದ 6.5 ಕೇಳುತ್ತಾರೆ. ಹನ್ನೆರಡನೇ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುವ ವಿ.ವಿ.ಗಳೂ ಇವೆ, ಆದರೆ ಆ ಸವಲತ್ತು ಸಿಬಿಎಸ್‌ಇಗೆ ಮಾತ್ರವೋ ಕರ್ನಾಟಕ ಪಿಯುಗೂ ಉಂಟೋ ಎಂಬುದನ್ನು ನೋಡಿಯೇ ನಂಬಬೇಕು.

ಹೆಸರಿನ ತಾಪತ್ರಯ

ಹೊರಗಿನವರು ಊಹಿಸಲಾರದ ತೊಡಕು ಇದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಹದೇವಸ್ವಾಮಿ ಎಂ.' ಎಂದಿರುತ್ತದೆ, ಆಧಾರ್‌ನಲ್ಲಿ 'ಮಹದೇವ ಸ್ವಾಮಿ' ಎಂದು ಬಿಡಿಸಿರುತ್ತದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಮುಂದಕ್ಕೆ ಬಂದಿರುತ್ತದೆ. ಪಾಸ್‌ಪೋರ್ಟ್ ಅರ್ಜಿಯಾದರೋ ಸರ್‌ನೇಮ್ ಕೇಳುತ್ತದೆ. ಈ ಕಡೆಯ ಮನೆಗಳಲ್ಲಿ ಸರ್‌ನೇಮ್ ಇಟ್ಟುಕೊಳ್ಳುವ ರೂಢಿಯೇ ಕಡಿಮೆ. ಆ ಕಾಲಂ ಖಾಲಿ ಬಿಟ್ಟರೆ ಮುಂದೆ ಫಜೀತಿ. ಯುಎಇ 2022ರ ನವೆಂಬರ್‌ನಿಂದ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ವೀಸಾ ಕೊಡುವುದನ್ನು ಬಿಗಿಗೊಳಿಸಿತು. ದುಬೈ ಕ್ಯಾಂಪಸ್ ನೋಡಿಬರಲು ಹೊರಡುವವರಿಗೂ ಇದು ತಾಗುತ್ತದೆ. ಇನಿಷಿಯಲ್ ಬಿಡಿಸಿ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಕಾಲಂನಲ್ಲಿ ಕೊಡುವುದು ರೂಢಿಯ ದಾರಿ. ಅಂಕಪಟ್ಟಿಯಲ್ಲಿ ಅಕ್ಷರವೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು, ಅದಕ್ಕೆ ತಿಂಗಳುಗಳೇ ಹಿಡಿದಾವು.

ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಓಡಬೇಕಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಪ್ರಯೋಗ ದೇಶದಲ್ಲಿ ಮೊದಲು ಶುರುವಾದ ಊರುಗಳಲ್ಲಿ ಮೈಸೂರು ಒಂದು. 2017ರ ಜನವರಿಯಲ್ಲಿ ಮೇಟಗಳ್ಳಿಯಲ್ಲಿ ಆ ಕೇಂದ್ರ ತೆರೆಯಿತು. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ.

ಜಮೀನಿದೆ, ಸಾಲ ಸಿಗುವುದಿಲ್ಲ

ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಭದ್ರತೆ ಬೇಡ, 7.5 ಲಕ್ಷದವರೆಗೆ ಇನ್ನೊಬ್ಬರ ಜಾಮೀನು, ಅದಕ್ಕೂ ಮೇಲೆ ಆಸ್ತಿ ಅಡವು. ವಿದೇಶದ ಕೋರ್ಸ್ 7.5 ಲಕ್ಷದಲ್ಲಿ ಮುಗಿಯುವುದು ಅಪರೂಪ. ಕಬಿನಿ ನಾಲೆಯ ಕೆಳಗೆ ಮೂರು ಎಕರೆ ಗದ್ದೆ ಇದೆ ಎಂದು ಧೈರ್ಯದಿಂದ ಬ್ಯಾಂಕಿಗೆ ಹೋದ ರೈತ ಅಲ್ಲಿ ತಬ್ಬಿಬ್ಬಾಗುತ್ತಾನೆ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯವಾಗುವುದಿಲ್ಲ. ಹಾಗಾಗಿ ಶಿಕ್ಷಣ ಸಾಲಕ್ಕೆ ಆರ್‌ಟಿಸಿ ಹಿಡಿದು ಹೋದರೆ ಬ್ಯಾಂಕುಗಳು ಸಾಮಾನ್ಯವಾಗಿ ತಲೆಯಾಡಿಸುವುದಿಲ್ಲ. ಸರ್ಕಾರದಿಂದ ಮಂಜೂರಾದ ಪರಿಶಿಷ್ಟರ ಜಮೀನಿಗಂತೂ 1978ರ ಪಿಟಿಸಿಎಲ್ ಕಾಯ್ದೆಯ ತಡೆಯೂ ಇದೆ.

ನಡೆಯುವುದು ಮನೆ ಅಥವಾ ನಿವೇಶನ. ಪುರಸಭೆ, ನಗರಸಭೆ ವ್ಯಾಪ್ತಿಯಲ್ಲಿದ್ದರೆ ಇ-ಖಾತೆ, ಗ್ರಾಮ ಪಂಚಾಯಿತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. ಹಲವರ ಕೈಯಲ್ಲಿರುವುದು 11ಬಿ, ಅದನ್ನು ಕಂಡರೆ ಮ್ಯಾನೇಜರ್ ಹಿಂಜರಿಯುತ್ತಾರೆ. ಈ ಕಾಗದ ಸರಿಪಡಿಸುವ ಕೆಲಸ ಪಿಯುಸಿ ಮೊದಲ ವರ್ಷದಲ್ಲೇ ಆರಂಭವಾದರೆ ಒಳ್ಳೆಯದು. ಇನ್ನೊಂದು ಎಚ್ಚರಿಕೆ: 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ, ಹೊರದೇಶಕ್ಕಲ್ಲ.

ನಂಜನಗೂಡು, ತಿ. ನರಸೀಪುರ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು. ಆದರೂ ಪರಿಶಿಷ್ಟರಿಗೆ ಇರುವ ವಿದೇಶ ವ್ಯಾಸಂಗದ ನೆರವು ಹಳ್ಳಿಗಳಿಗೆ ಸರಿಯಾಗಿ ತಲುಪಿಲ್ಲ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಸ್ನಾತಕೋತ್ತರ ಮತ್ತು ಪಿಎಚ್‌.ಡಿ.ಗೆ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ಮೀರಿರಬಾರದು, ವಯಸ್ಸು 35ರ ಒಳಗಿರಬೇಕು. ರಾಜ್ಯದ ಪ್ರಬುದ್ಧ ಯೋಜನೆಯ ಬಗ್ಗೆ ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬಹುದು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಕೈಯಲ್ಲಿರಲಿ.

ಹಣ ಕಟ್ಟುವಾಗ

ಏಜೆಂಟರ ಮೂಲಕ ಹೋಗುವುದು ತಪ್ಪಲ್ಲ. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ವಿ.ವಿ.ಯೇ ಅವರಿಗೆ ಕಮಿಷನ್ ಕೊಡುವುದುಂಟು ಎಂಬುದು ಗೊತ್ತಿದ್ದರೆ, 'ಮಲೇಷ್ಯಾ ಬೇಡ, ಇದೇ ಕಾಲೇಜು ಆಗಬಹುದು' ಎಂಬ ಸಲಹೆಯನ್ನು ಹೇಗೆ ಕೇಳಬೇಕೆಂಬುದೂ ತಿಳಿಯುತ್ತದೆ. ಶುಲ್ಕ ಮಾತ್ರ ವಿ.ವಿ.ಯ ಖಾತೆಗೇ ಹೋಗಬೇಕು, ಸೇರದೆ ಹೋದರೆ ಎಷ್ಟು ವಾಪಸ್ ಎಂಬುದು ಆಫರ್ ಪತ್ರದಲ್ಲೇ ಇರಬೇಕು.

ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿ ಹೊರದೇಶಕ್ಕೆ ಹಣ ಕಳಿಸಿದರೆ ಬ್ಯಾಂಕ್ ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತದೆ. ಹಣಕಾಸು ಸಂಸ್ಥೆಯಿಂದ ಪಡೆದ ಶಿಕ್ಷಣ ಸಾಲದ ಹಣಕ್ಕೆ 2025ರ ಏಪ್ರಿಲ್‌ನಿಂದ ಅದು ಇಲ್ಲ. ಸ್ವಂತ ದುಡ್ಡು ಕಳಿಸಿದವರು ಹಿಡಿದ ತೆರಿಗೆಯನ್ನು ಮರಳಿ ಪಡೆಯಬಹುದು, ಆದರೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಮಾತ್ರ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ಎಂದೂ ರಿಟರ್ನ್ ಹಾಕದ ತಂದೆ, ಯಾರ ಪ್ಯಾನ್ ಸಂಖ್ಯೆಯಲ್ಲಿ ಹಣ ಹೋಯಿತೋ ಆ ಹೆಸರಿನಲ್ಲೇ ಆ ವರ್ಷ ಹಾಕಬೇಕಾಗುತ್ತದೆ.