ಮಕ್ಕಳೊಂದಿಗೆ ಕಡಲಿಗೆ: ಮಹಾಬಲಿಪುರವೋ ಗೋಕರ್ಣವೋ?

ಪ್ರಶ್ನೆ: ಮಗನಿಗೆ 17, ಮಗಳಿಗೆ 14. ಅಕ್ಟೋಬರ್ ರಜೆಗೆ ಒಳ್ಳೆಯ ಬೀಚ್ ರೆಸಾರ್ಟ್ ಹುಡುಕುತ್ತಿದ್ದೇವೆ. ಯಜಮಾನರು ಮಹಾಬಲಿಪುರ ಅಂತಾರೆ, ಮಕ್ಕಳು ಗೋಕರ್ಣ ಅಂತಾರೆ. ಯಾವುದು ಸರಿ?
– ಗೃಹಿಣಿ, ದೇವರಾಯಸಮುದ್ರ

ಉತ್ತರ: ದೂರ ನೋಡಿದರೆ ಯಜಮಾನರ ಮಾತೇ ಸರಿ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟ ಮಹಾಬಲಿಪುರದಲ್ಲಿ. ಆದರೆ ಅಕ್ಟೋಬರ್‌ನಲ್ಲಿ ತಮಿಳುನಾಡು ಕರಾವಳಿಗೆ ಹಿಂಗಾರು ಕಾಲಿಡುತ್ತದೆ. ಅಷ್ಟು ದುಡ್ಡು ಕೊಟ್ಟು ಕಿಟಕಿಯಲ್ಲಿ ಮಳೆ ನೋಡುತ್ತ ಕೂರುವುದು ಬೇಡ. ಪಡುವಣ ಕಡಲಲ್ಲಿ ಆಗ ಮುಂಗಾರಿನ ಆರ್ಭಟ ತಗ್ಗಿರುತ್ತದೆ. ನನ್ನ ಮತ ಮಕ್ಕಳ ಕಡೆಗೆ, ಒಂದು ತಿದ್ದುಪಡಿಯೊಂದಿಗೆ.

ಗೋಕರ್ಣದ ಕೆಲವು ದುಬಾರಿ ರೆಸಾರ್ಟ್‌ಗಳು ಯೋಗ, ಆಯುರ್ವೇದ, ಮೌನಕ್ಕೆಂದೇ ಇರುವಂಥವು. ನಿಮಗೆ ಹಿತ, ಮಕ್ಕಳಿಗೆ ಎರಡನೇ ದಿನವೇ ಬೇಜಾರು. ಈ ವಯಸ್ಸಿಗೆ ಮೆತ್ತನೆಯ ಹಾಸಿಗೆಗಿಂತ ಮೈದಣಿಯುವ ಕೆಲಸ ಬೇಕು. ಹಾಗಾಗಿ ಮುರುಡೇಶ್ವರ, ಹೊನ್ನಾವರದ ಕಡೆ ಉಳಿಯಿರಿ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ತರಬೇತುದಾರರ ಜತೆ ನೀರಿಗಿಳಿದರೆ ಕಲ್ಲುಬಂಡೆಗಳ ಸುತ್ತ ಬಣ್ಣದ ಮೀನುಗಳ ಹಿಂಡು ಮುಖದ ಮುಂದೆಯೇ ಹಾಯುತ್ತದೆ. ದೋಣಿ ತೂಗುತ್ತದೆ, ಬೆಳಗಿನ ತಿಂಡಿ ಹಗುರವಿರಲಿ. ಈಜಿಗೆ ಹೊನ್ನಾವರದ ಕಾಸರಕೋಡು ಕಡಲತೀರ. 2020ರಲ್ಲಿ ಅದಕ್ಕೆ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ.

ಮುಂಗಡ ಕಟ್ಟುವ ಮುನ್ನ ಫೋನಿನಲ್ಲೇ ಕೇಳಿ: ಜೀವರಕ್ಷಕರು ಇದ್ದಾರೆಯೇ, ಅಕ್ಕಪಕ್ಕದ ಎರಡು ಕೋಣೆ ಸಿಗುತ್ತವೆಯೇ, ಮಗಳಿಗೂ ದೊಡ್ಡವರ ದರವೇ? ಬಹಳ ಕಡೆ 12 ದಾಟಿದರೆ ಪೂರ್ತಿ ದರ ಹಾಕುತ್ತಾರೆ.

ಕಾರು ಬೇಡ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿಯಿರಿ. ರಜೆ ದಿನಗಳಲ್ಲಿ ಟಿಕೆಟ್ ಬೇಗ ಮುಗಿಯುತ್ತದೆ, ಮೊದಲು ಅದನ್ನೇ ಕಾಯ್ದಿರಿಸಿ.