ತೆಂಗಿನ ಸೀಮೆಯಲ್ಲಿ ಮೊಬೈಲಿನ ಅಲೆಗಳು: ಒಂದು ಅಭ್ಯಾಸಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಗ್ರಾಮಗಳಲ್ಲಿ ಈಚಿನ ವರ್ಷಗಳಲ್ಲಿ ಎರಡು ಪ್ರಶ್ನೆಗಳು ಪದೇ ಪದೇ ಕೇಳಿಬರುತ್ತಿವೆ. ಒಂದೇ ಜಗಲಿಯ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬನ ಫೋನಿಗೆ ಸಿಗ್ನಲ್ ದೊರೆತು ಇನ್ನೊಬ್ಬನದಕ್ಕೆ ದೊರೆಯದಿರುವುದು ಏಕೆ ಎಂಬುದು ಮೊದಲನೆಯದು. ಊರಿನ ಟವರು ಮೇಲ್ದರ್ಜೆಗೆ ಏರಿತೆಂಬ ಸುದ್ದಿ ಬಂದ ಬೆನ್ನಲ್ಲೇ ಮನೆಯ ಹಿರಿಯರ ಗುಂಡಿ ಫೋನು ಮೂಕವಾಗುವುದು ಏಕೆ ಎಂಬುದು ಎರಡನೆಯದು. ಇವೆರಡೂ ಬೇರೆ ಬೇರೆ ಪ್ರಶ್ನೆಗಳಂತೆ ತೋರಿದರೂ ಇವುಗಳ ಬೇರು ಒಂದೇ. ಟವರು ಯಾವ ಆವೃತ್ತಿಯಲ್ಲಿ ಮಾತನಾಡುತ್ತದೆ, ಕೈಯಲ್ಲಿರುವ ಉಪಕರಣಕ್ಕೆ ಆ ಆವೃತ್ತಿಯನ್ನು ಕೇಳುವ ಕಿವಿ ಇದೆಯೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ವಿಷಯ ಕೇವಲ ಕುತೂಹಲದ್ದಲ್ಲ. ಬೆಳೆ ಸಮೀಕ್ಷೆಗೆ ಆ್ಯಪ್ ಬಂದಿದೆ. ಬ್ಯಾಂಕಿನ ವ್ಯವಹಾರಕ್ಕೆ ಓಟಿಪಿ ಬೇಕು. 2024ರಲ್ಲಿ ನಾಫೆಡ್ ಮೂಲಕ ಉಂಡೆ ಕೊಬ್ಬರಿಯ ಖರೀದಿಗೆಂದು ನಡೆದ ಮೊದಲ ನೋಂದಣಿ ರದ್ದಾಗಿ, ಬಯೋಮೆಟ್ರಿಕ್ ಸಹಿತ ಮರುನೋಂದಣಿ ನಡೆದುದು ಈ ಸೀಮೆಯ ರೈತರಿಗೆ ನೆನಪಿರುವ ಸಂಗತಿಯೇ. ತೋಟದ ಮನೆಯಲ್ಲಿ ರಾತ್ರಿಯ ವೇಳೆ ಯಾರಿಗಾದರೂ ಎದೆನೋವು ಬಂದಾಗ 108ಕ್ಕೆ ಕರೆ ಹೋಗುವುದೋ ಇಲ್ಲವೋ ಎಂಬುದಂತೂ ಪ್ರಾಣದ ಪ್ರಶ್ನೆ.

ದೂರವಾಣಿ ವ್ಯವಸ್ಥೆಯನ್ನು ಮೇಲ್ದರ್ಜೆಗೆ ಏರಿಸುವ ಕಾರ್ಯ ಹೊಸದಲ್ಲ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗೆಂದೇ ರೂಪಿಸಿದ 128 ಸಂಪರ್ಕಸ್ಥಾನಗಳ ಸ್ವಯಂಚಾಲಿತ ವಿನಿಮಯ ಕೇಂದ್ರವು ಮೊಟ್ಟಮೊದಲು ಕಾರ್ಯಾರಂಭ ಮಾಡಿದ್ದು ನಮ್ಮ ಕರ್ನಾಟಕದಲ್ಲೇ, ಚೆನ್ನಮ್ಮನ ಕಿತ್ತೂರಿನಲ್ಲಿ, 1986ರಲ್ಲಿ. ಹವಾನಿಯಂತ್ರಣವಿಲ್ಲದೆ, ಹಳ್ಳಿಯ ಧೂಳು ಸೆಕೆಗಳ ನಡುವೆಯೇ ಅದು ನಡೆಯುವಂತಿತ್ತು. ಅಂದಿನ ವ್ಯವಸ್ಥೆಯಲ್ಲಿ ಒಂದು ವಿಶೇಷವಿತ್ತು. ಮನೆಯಲ್ಲಿದ್ದ ದೂರವಾಣಿ ಉಪಕರಣ ಚಂದಾದಾರನದಾಗಿರಲಿಲ್ಲ, ಇಲಾಖೆಯದಾಗಿತ್ತು. ವಿನಿಮಯ ಕೇಂದ್ರ ಬದಲಾಗಿ ಹಳೆಯ ಉಪಕರಣ ಹೊಂದದಿದ್ದರೆ ಅದನ್ನು ಬದಲಿಸುವ ಹೊಣೆ ಇಲಾಖೆಯ ಮೇಲಿತ್ತು. ಇಂದು ಉಪಕರಣ ಬಳಕೆದಾರನ ಸ್ವತ್ತು. ಟವರಿನ ಯಂತ್ರವನ್ನು ಕಂಪನಿ ಬದಲಿಸುತ್ತದೆ. ಅದಕ್ಕೆ ಹೊಂದುವ ಫೋನನ್ನು ಕೊಳ್ಳುವ ಖರ್ಚು ಕೊಬ್ಬರಿ ಬೆಳೆಗಾರನದು. ಮೇಲ್ದರ್ಜೆಯ ತೊಡಕುಗಳ ಮೂಲವನ್ನು ಇಲ್ಲಿಯೇ ಹುಡುಕಬೇಕು.

ಇನ್ನು ತೋಟದ ವಿಚಾರ. ರೇಡಿಯೋ ಅಲೆಯ ಆವೃತ್ತಿ ಹೆಚ್ಚಿದಂತೆ ಅದರ ಉದ್ದ ಕಡಿಮೆಯಾಗುತ್ತದೆ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಬಲ್ಲರು. 700 ಮೆಗಾಹರ್ಟ್ಸ್ ಅಲೆಯ ಉದ್ದ 43 ಸೆಂಟಿಮೀಟರ್, ಸುಮಾರು ಒಂದು ಮೊಳ. 2100 ಮೆಗಾಹರ್ಟ್ಸ್ ಅಲೆಯದು 14 ಸೆಂಟಿಮೀಟರ್, ಗೇಣಿಗಿಂತ ಕಡಿಮೆ. 5ಜಿಗೆ ಬಳಸುವ 3500 ಮೆಗಾಹರ್ಟ್ಸ್ ಸಮೀಪದ ಅಲೆ ಸುಮಾರು ನಾಲ್ಕು ಬೆರಳಿನ ಅಗಲದಷ್ಟೇ. ತೆಂಗಿನ ಗರಿ ಎಂದರೆ ನೀರು ತುಂಬಿದ ನೂರಾರು ಉದ್ದನೆಯ ಎಲೆಗಳ ಸಾಲು. ನೀರು ಅಲೆಯ ಶಕ್ತಿಯನ್ನು ಹೀರುತ್ತದೆ, ಎಲೆ ಮತ್ತು ಕಾಂಡಗಳು ಅದನ್ನು ದಿಕ್ಕುಗೆಡಿಸಿ ಚದುರಿಸುತ್ತವೆ. ಅಲೆ ಗಿಡ್ಡವಾದಷ್ಟೂ ಈ ನಷ್ಟ ಹೆಚ್ಚು.

ಎಷ್ಟು ಹೆಚ್ಚು? ಮರಗಳ ನಡುವಿನ ನಷ್ಟವನ್ನು ಅಂದಾಜು ಮಾಡಲು 1982ರಲ್ಲಿ ವೈಸ್‌ಬರ್ಗರ್ ಎಂಬ ತಜ್ಞರು ಒಂದು ಸೂತ್ರವನ್ನು ನೀಡಿದರು. ಅದು ತೆಂಗಿಗೆಂದೇ ರಚಿತವಾದುದಲ್ಲ, ದಟ್ಟವಾಗಿ ಎಲೆಬಿಟ್ಟ ಮರಗಳಿಗೆ ಸಂಬಂಧಿಸಿದ್ದು. ಆದರೂ ಹೋಲಿಕೆಗೆ ಸಾಕು. ಮೂವತ್ತು ಅಡಿ ಅಂತರದ ತೋಟದಲ್ಲಿ ಐದಾರು ಸಾಲುಗಳನ್ನು, ಅಂದರೆ 50 ಮೀಟರುಗಳನ್ನು ಅಲೆ ದಾಟಬೇಕೆಂದು ಇಟ್ಟುಕೊಂಡರೆ, ಆ ಸೂತ್ರದ ಪ್ರಕಾರ 700 ಮೆಗಾಹರ್ಟ್ಸಿನಲ್ಲಿ ಸುಮಾರು 12 ಡೆಸಿಬೆಲ್, 2100ರಲ್ಲಿ 16, 3500ರಲ್ಲಿ 19 ಡೆಸಿಬೆಲ್ ನಷ್ಟ. ಡೆಸಿಬೆಲ್ ಎಂಬುದು ಲಾಗರಿತಮ್ ಲೆಕ್ಕವಾದುದರಿಂದ ಈ ಅಂಕಿಗಳು ನೋಡಲು ಚಿಕ್ಕವು. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧ. 10 ಇಳಿದರೆ ಹತ್ತರಲ್ಲಿ ಒಂದು. ಮೊದಲನೆಯದರಲ್ಲಿ ಹದಿನಾರರಲ್ಲಿ ಒಂದು ಪಾಲು ಉಳಿದರೆ ಕೊನೆಯದರಲ್ಲಿ ಸುಮಾರು ಎಂಬತ್ತರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಇದರ ಮೇಲೆ ಬಯಲಿನಲ್ಲಿಯೂ ಇರುವ ವ್ಯತ್ಯಾಸವನ್ನು ಕೂಡಿಸಬೇಕು: ಉಳಿದೆಲ್ಲವೂ ಸಮನಾಗಿದ್ದರೆ, 700ಕ್ಕಿಂತ 2100ರ ಅಲೆ ಅದೇ ದೂರದಲ್ಲಿ ಇನ್ನೂ ಒಂಬತ್ತೂವರೆ ಡೆಸಿಬೆಲ್‌ನಷ್ಟು ಕ್ಷೀಣವಾಗಿ ಕೈಸೇರುತ್ತದೆ. ಎರಡನ್ನೂ ಸೇರಿಸಿದರೆ ಇಪ್ಪತ್ತೈದಕ್ಕೆ ಒಂದು. ಜಗಲಿಯ ಮೇಲಿನ ಇಬ್ಬರ ನಡುವಿನ ಭೇದ ಇದೇ ಆಗಿರಬಹುದು. ಮಳೆ ಬಂದು ಗರಿಗಳು ತೊಯ್ದಾಗ ನಷ್ಟ ಮತ್ತಷ್ಟು ಏರುತ್ತದೆ. ತೆಂಗಿನ ನಡುವೆ ಅಡಿಕೆ, ಬಾಳೆಗಳನ್ನು ಹಾಕಿದ ತೋಟದಲ್ಲಿ ಕೆಳಗಿನ ತೆರವೂ ಮುಚ್ಚಿಹೋಗುತ್ತದೆ. ಕಾಯಿ ಕೆಡವಲು ಮರ ಹತ್ತಿದವನಿಗೆ ಸುಳಿಯ ಬಳಿ ಚೆನ್ನಾಗಿ ದೊರೆಯುವ ಸಿಗ್ನಲ್ ಬುಡದಲ್ಲಿ ನಿಂತ ಯಜಮಾನನಿಗೆ ದೊರೆಯದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ನೆಲದ ಏರಿಳಿತವೂ ಲೆಕ್ಕಕ್ಕೆ ಬರುತ್ತದೆ. ಚಿಕ್ಕನಾಯಕನಹಳ್ಳಿಯ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಗುಡ್ಡಸಾಲಿನ ಹಿಂದೆ ಬಿದ್ದ ಊರುಗಳಿಗೆ ಟವರು ನೇರವಾಗಿ ಕಾಣುವುದಿಲ್ಲ. ಗುಡ್ಡದ ನೆತ್ತಿಯನ್ನು ಬಳಸಿ ಬಾಗಿ ಇಳಿಯುವ ಗುಣ ಉದ್ದನೆಯ ಅಲೆಗೆ ಹೆಚ್ಚು, ಗಿಡ್ಡ ಅಲೆಗೆ ಕಡಿಮೆ. ಮನೆಯೊಳಗೆ ಹೋದರೆ ಕಾಂಕ್ರೀಟ್ ತಾರಸಿ ಹೆಂಚಿಗಿಂತ ಹೆಚ್ಚು ತಡೆಯುತ್ತದೆ. ತಗಡಿನ ಸೂರಂತೂ ಅಲೆಯನ್ನು ಹಿಂದಕ್ಕೇ ಅಟ್ಟುತ್ತದೆ. ಈ ಸೀಮೆಯ ಮನೆಗಳಿಗೆ ವಿಶಿಷ್ಟವಾದ ಕೊಬ್ಬರಿ ಅಟ್ಟವನ್ನೂ ಮರೆಯಲಾಗದು. ಹೊಸದಾಗಿ ಅಟ್ಟಕ್ಕೇರಿಸಿದ ಕಾಯಿಯಲ್ಲಿ ನೀರು ತುಂಬಿರುತ್ತದೆ; ಅದು ಇಂಗಿ ಗಿಟಕಾಗಲು ಹತ್ತು ಹನ್ನೆರಡು ತಿಂಗಳು ಬೇಕು. ಸಾವಿರಾರು ಹಸಿಕಾಯಿಗಳ ಹಾಸಿನ ಕೆಳಗಿರುವ ಕೋಣೆಗಿಂತ ಕಿಟಕಿಯ ಪಕ್ಕ ಮೇಲು ಎಂದು ಊಹಿಸಲು ಇಷ್ಟು ಸಾಕು. ಅಟ್ಟ ತುಂಬಿದಾಗ ಒಮ್ಮೆ, ಕೊಬ್ಬರಿ ಇಳಿಸಿದ ಮೇಲೆ ಒಮ್ಮೆ ಅದೇ ಕೋಣೆಯಲ್ಲಿ ಅಳೆದು ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವಾದೀತು.

ಅಳೆಯುವುದು ಹೇಗೆ? ಫೋನಿನ ಮೂಲೆಯಲ್ಲಿ ಕಾಣುವ ಗೆರೆಗಳನ್ನು ಎಣಿಸುವುದು ಅಳತೆಯಲ್ಲ. ಎಷ್ಟು ಶಕ್ತಿಗೆ ಎಷ್ಟು ಗೆರೆ ಎಂಬುದನ್ನು ತಯಾರಕರು ತಮ್ಮ ತಮ್ಮ ಇಚ್ಛೆಯಂತೆ ನಿಗದಿಮಾಡುತ್ತಾರೆ. 2010ರ ಜುಲೈ ತಿಂಗಳಿನಲ್ಲಿ ಆಪಲ್ ಕಂಪನಿಯು ತನ್ನ ಫೋನುಗಳಲ್ಲಿ ಗೆರೆಗಳ ಲೆಕ್ಕ ತಪ್ಪಾಗಿತ್ತೆಂದೂ, ಹಲವು ಬಾರಿ ಎರಡು ಗೆರೆ ಹೆಚ್ಚಾಗಿ ತೋರುತ್ತಿತ್ತೆಂದೂ ತಾನೇ ಪ್ರಕಟಿಸಿತು. ಆದುದರಿಂದ ಡಿಬಿಎಂ ಎಂಬ ಅಂಕಿಯನ್ನೇ ನೋಡಬೇಕು. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ವಿಭಾಗದಲ್ಲಿ ಸಿಮ್ ಸ್ಟೇಟಸ್ ಎಂಬಲ್ಲಿ ಅದು ದೊರೆಯುತ್ತದೆ. ಒಂದು ಮಿಲಿವ್ಯಾಟನ್ನು ಸೊನ್ನೆಯೆಂದು ಹಿಡಿದ ಲೆಕ್ಕವಾದುದರಿಂದ ಅಂಕಿ ಯಾವಾಗಲೂ ಋಣಸಂಖ್ಯೆ. ಋಣ 100 ಎಂದರೆ ಒಂದು ಮಿಲಿವ್ಯಾಟಿನ ಸಾವಿರ ಕೋಟಿಯಲ್ಲಿ ಒಂದು ಪಾಲು! 4ಜಿಯಲ್ಲಿ ಋಣ 90ಕ್ಕಿಂತ ಮೇಲಿದ್ದರೆ ಉತ್ತಮ, ಋಣ 105ರವರೆಗೆ ಸಾಧಾರಣ, ಋಣ 115 ದಾಟಿದರೆ ಕರೆ ನಿಲ್ಲುವುದು ಕಷ್ಟ ಎಂದು ಸ್ಥೂಲವಾಗಿ ಹೇಳಬಹುದು.

ಇಲ್ಲಿ ಒಂದು ಎಚ್ಚರ ಅಗತ್ಯ. 2ಜಿಯ ಅಂಕಿಯನ್ನೂ 4ಜಿಯ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸತಕ್ಕದ್ದಲ್ಲ. 2ಜಿ ಫೋನು ವಾಹಕದ ಒಟ್ಟು ಶಕ್ತಿಯನ್ನು ಹೇಳುತ್ತದೆ. 4ಜಿಯಲ್ಲಿ 10 ಮೆಗಾಹರ್ಟ್ಸ್ ಅಗಲದ ವಾಹಕವೊಂದು 600 ಉಪವಾಹಕಗಳಾಗಿ ಹಂಚಿಹೋಗಿರುತ್ತದೆ. ಫೋನು ಹೇಳುವುದು ಅವುಗಳಲ್ಲಿ ಒಂದರ ಪಾಲನ್ನು ಮಾತ್ರ. ಹಳೆಯ ಫೋನಿನಲ್ಲಿ ಋಣ 85 ಇದ್ದುದು ಹೊಸದರಲ್ಲಿ ಋಣ 100 ಆಯಿತೆಂದು ಅಂಗಡಿಗೆ ಹಿಂದಿರುಗಿಸಲು ಹೊರಡುವುದು ಸೇರಿನಲ್ಲಿ ಅಳೆದದ್ದನ್ನು ಪಾವಿನಲ್ಲಿ ಅಳೆದು ಕಡಿಮೆಯಾಯಿತೆಂದು ಜಗಳವಾಡಿದಂತೆ.

ಆದರೂ "ಹಳೇ ಫೋನೇ ತೋಟದಲ್ಲಿ ಚೆನ್ನಾಗಿತ್ತು" ಎಂಬ ಹಿರಿಯರ ಮಾತು ಬರಿಯ ಭ್ರಮೆಯಲ್ಲ. ಸಂಭಾಷಣೆಗೆ ಎರಡು ದಿಕ್ಕುಗಳುಂಟು. ಟವರಿನ ಮಾತು ಫೋನಿಗೆ ಕೇಳಿದರಷ್ಟೇ ಸಾಲದು, ಫೋನಿನ ಮಾತು ಟವರಿಗೂ ಕೇಳಬೇಕು. 900 ಮೆಗಾಹರ್ಟ್ಸಿನ 2ಜಿ ಫೋನು ಗರಿಷ್ಠ 2 ವ್ಯಾಟ್ ಶಕ್ತಿಯಿಂದ ಕೂಗಬಲ್ಲದು. ಸಾಮಾನ್ಯ 4ಜಿ ಫೋನಿನ ಮಿತಿ 200 ಮಿಲಿವ್ಯಾಟ್, ಅಂದರೆ ಹತ್ತರಲ್ಲಿ ಒಂದು. ಹೊಸ ತಂತ್ರವು ಕ್ಷೀಣ ಸಂಕೇತವನ್ನೂ ಬಿಡಿಸಿ ಓದಬಲ್ಲದಾದುದರಿಂದ ಕೊರತೆ ಬಹುಮಟ್ಟಿಗೆ ತುಂಬಿಬರುತ್ತದೆ. ತೋಟದ ಅಂಚಿನಲ್ಲಿ ಮಾತ್ರ ತುಂಬಿಬಾರದೆ ಹೋಗುವ ಸಂದರ್ಭಗಳುಂಟು. ಗೆರೆಗಳು ಈ ಹಿಂದಿರುಗುವ ದಾರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡು ಗೆರೆ ಕಾಣುತ್ತಿದ್ದರೂ ಕರೆ ಹೋಗದಿರುವುದಕ್ಕೆ ಇದೊಂದು ಕಾರಣ. ಸಂಜೆಯ ವೇಳೆ ಒಂದೇ ಟವರಿನ ಮೇಲೆ ಊರಿಗೆ ಊರೇ ಬೀಳುವುದು ಮತ್ತೊಂದು.

ಎರಡು ಕಂಪನಿಗಳನ್ನು ಅಥವಾ ಎರಡು ಫೋನುಗಳನ್ನು ಹೋಲಿಸಲು ಒಂದು ಸರಳ ಕ್ರಮವಿದೆ. ಒಂದೇ ಜಾಗ, ಒಂದೇ ಹೊತ್ತು, ಎದೆಮಟ್ಟದ ಒಂದೇ ಎತ್ತರ. ಮೊದಲು ಅಂಕಿಗಳನ್ನು ಬರೆದುಕೊಂಡು, ಅನಂತರ ಸಿಮ್‌ಗಳನ್ನು ಅದಲುಬದಲು ಮಾಡಿ ಮತ್ತೆ ಬರೆಯಬೇಕು. ಅಂಕಿ ಸಿಮ್ಮಿನೊಡನೆ ಹೋದರೆ ದೋಷ ಕಂಪನಿಯ ವ್ಯಾಪ್ತಿಯದು. ಫೋನಿನೊಡನೆಯೇ ಉಳಿದರೆ ಉಪಕರಣದ್ದು. ಒಂದು ದಿನದ ಅಳತೆ ಸಾಲದು. ಬೆಳಿಗ್ಗೆ, ಸಂಜೆ, ಮಳೆಯಲ್ಲಿ, ವಿದ್ಯುತ್ ಕಡಿತದ ಹೊತ್ತಿನಲ್ಲಿ, ಹೀಗೆ ಒಂದು ವಾರ ಬರೆದಿಟ್ಟರೆ ಟವರಿನ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆಂಬುದೂ ತಾನಾಗಿ ಬಯಲಾಗುತ್ತದೆ. ನೊಣವಿನಕೆರೆ, ಹೊನ್ನವಳ್ಳಿ, ದಂಡಿನಶಿವರ, ಹುಳಿಯಾರು ಮುಂತಾದ ಕಡೆಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ಅಂಕಿಗಳನ್ನು ತಂದರೆ ವಿಜ್ಞಾನದ ಉಪಾಧ್ಯಾಯರು ತರಗತಿಯಲ್ಲಿಯೇ ಒಂದು ನಕ್ಷೆಯನ್ನು ಸಿದ್ಧಪಡಿಸಬಹುದು.

ಇನ್ನು ಮೇಲ್ದರ್ಜೆಯ ತೊಡಕು. ಕಂಪನಿಯ ಬಳಿ ಇರುವ ಆವೃತ್ತಿ ಜಮೀನಿನಂತೆ ಮಿತವಾದುದು. ಹೊಸ ಬೆಳೆ ಇಡಬೇಕಾದರೆ ಹಳೆಯದನ್ನು ಕಿತ್ತು ಜಾಗ ಮಾಡಬೇಕು. ಏರ್‌ಟೆಲ್ ಕಂಪನಿಯು 2019ರಿಂದ ಮೊದಲ್ಗೊಂಡು ತನ್ನ 3ಜಿ ಸೇವೆಯನ್ನು ಹಂತಹಂತವಾಗಿ ನಿಲ್ಲಿಸಿ ಆ ಆವೃತ್ತಿಯನ್ನು 4ಜಿಗೆ ತಿರುಗಿಸಿತು. 3ಜಿ ಫೋನನ್ನೇ ಹಿಡಿದಿದ್ದವರು ಆಗ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ, 2ಜಿಗೆ ಜಾರಿದರು. 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿದ ಜಿಯೋಗೆ 2ಜಿ, 3ಜಿಗಳು ಮೊದಲಿನಿಂದಲೇ ಇಲ್ಲ. ಹಳೆಯ ಗುಂಡಿ ಫೋನಿಗೆ ಅದರ ಟವರು ಇದ್ದೂ ಇಲ್ಲದಂತೆ. ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವಾಗ ಫೋನು ತನ್ನ ಕಂಪನಿಯಲ್ಲದ ಟವರನ್ನೂ ಆಶ್ರಯಿಸಬಲ್ಲದು ನಿಜ, ಆದರೆ ಆ ಟವರಿನ ಭಾಷೆ ಅದಕ್ಕೆ ಬರಬೇಕಷ್ಟೆ.

ಬಿಎಸ್‌ಎನ್‌ಎಲ್ ವಿಚಾರ ಈ ಸೀಮೆಗೆ ಹೆಚ್ಚು ಸಂಬಂಧಿಸಿದ್ದು. ಅದರ ಸ್ವದೇಶಿ 4ಜಿ ಜಾಲವನ್ನು ಪ್ರಧಾನಮಂತ್ರಿಗಳು 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಉದ್ಘಾಟಿಸಿದರು. ಕಿತ್ತೂರಿನ ಕೇಂದ್ರವನ್ನು ನಿರ್ಮಿಸಿದ ಸಿ-ಡಾಟ್ ಸಂಸ್ಥೆಯೇ ಇದರ ಕೇಂದ್ರ ವ್ಯವಸ್ಥೆಯನ್ನೂ ರೂಪಿಸಿದೆ. ಈ ಜಾಲ ನಡೆಯುವುದು ಮುಖ್ಯವಾಗಿ 700 ಮತ್ತು 2100 ಮೆಗಾಹರ್ಟ್ಸ್‌ಗಳಲ್ಲಿ. ತೆಂಗಿನ ತೋಟಕ್ಕೆ 700 ವರವೇ ಸರಿ. ಆದರೆ ಬ್ಯಾಂಡ್ 28 ಎಂದು ಕರೆಯಲಾಗುವ ಈ ಆವೃತ್ತಿಯನ್ನು ಹಿಡಿಯುವ ಶಕ್ತಿ ಹಳೆಯ 4ಜಿ ಫೋನುಗಳಲ್ಲಿ ಅನೇಕಕ್ಕೆ ಇಲ್ಲ. ಅಂಥವು 2100ನ್ನೇ ನಂಬಬೇಕು. ಟವರಿನ ಸಮೀಪ 4ಜಿ ತೋರಿಸಿ ತೋಟಕ್ಕೆ ಹೋದೊಡನೆ 2ಜಿಗೆ ಬೀಳುತ್ತವೆ. ಫೋನು ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ವಿಚಾರಿಸುವಷ್ಟೇ ಶ್ರದ್ಧೆಯಿಂದ ಈ ಬ್ಯಾಂಡಿನ ಪಟ್ಟಿಯನ್ನೂ ವಿಚಾರಿಸುವವರು ವಿರಳ.

ಎರಡನೆಯ ತೊಡಕು ಧ್ವನಿಯದು. 4ಜಿಯಲ್ಲಿಯೇ ಮಾತು ಸಾಗಬೇಕಾದರೆ ವೋಲ್ಟಿ ಎಂಬ ಸೌಕರ್ಯ ಟವರಿನಲ್ಲಿಯೂ ಫೋನಿನಲ್ಲಿಯೂ ಇರಬೇಕು, ಸೆಟ್ಟಿಂಗ್ಸ್‌ನಲ್ಲಿ ಚಾಲೂ ಆಗಿರಬೇಕು. ಮೇಲಾಗಿ ಆಯಾ ಕಂಪನಿಯ ವೋಲ್ಟಿಗೆ ಫೋನಿನ ತಯಾರಕ ತಂತ್ರಾಂಶದಲ್ಲಿ ಅವಕಾಶ ಕೊಟ್ಟಿರಬೇಕು. ಇಲ್ಲವಾದರೆ ಪ್ರತಿ ಕರೆಗೂ ಫೋನು 2ಜಿಗೋ 3ಜಿಗೋ ಇಳಿದು ಮಾತು ಮುಗಿದ ಮೇಲೆ ಮರಳಿ ಏರುತ್ತದೆ. ಇಳಿಯಲು ಹಳೆಯ ಜಾಲವೇ ಅಲ್ಲಿ ಉಳಿದಿಲ್ಲವಾದರೆ ಇಂಟರ್ನೆಟ್ ನಡೆಯುತ್ತದೆ, ಕರೆ ಮಾತ್ರ ಬರುವುದಿಲ್ಲ. "ವಾಟ್ಸಾಪ್ ಬರ್ತದೆ, ಫೋನ್ ಬರಲ್ಲ" ಎಂಬ ದೂರಿನ ಹಿಂದೆ ಬಹುತೇಕ ಇರುವುದು ಇದೇ. ತಂತ್ರಾಂಶವನ್ನು ಹೊಸದಾಗಿಸಿ ವೋಲ್ಟಿ ಗುಂಡಿಯನ್ನು ಒತ್ತಿದರೆ ಕೆಲವೊಮ್ಮೆ ಸರಿಹೋಗುತ್ತದೆ.

ಕಂಪನಿಯನ್ನು ಬದಲಿಸುವ ಮುನ್ನ ವ್ಯಾಪ್ತಿಯ ನಕ್ಷೆಯನ್ನು ನೋಡುವುದು ಲೇಸು. ಟ್ರಾಯ್ 2024ರಲ್ಲಿ ಹೊರಡಿಸಿದ ನಿಯಮದಂತೆ 2ಜಿ, 3ಜಿ, 4ಜಿ, 5ಜಿಗಳ ವ್ಯಾಪ್ತಿಯನ್ನು ಬೇರೆ ಬೇರೆಯಾಗಿ ತೋರಿಸುವ ನಕ್ಷೆಯನ್ನು ಪ್ರತಿ ಕಂಪನಿಯೂ ಪ್ರಕಟಿಸಬೇಕು. ನಕ್ಷೆ ಬಯಲಿನ ಲೆಕ್ಕವನ್ನು ಹೇಳೀತೇ ಹೊರತು ಅಟ್ಟದ ಕೆಳಗಿನ ಕೋಣೆಯದನ್ನಲ್ಲ. ಆದಕಾರಣ ನೆರೆಮನೆಯವರ ಸಿಮ್ಮನ್ನು ಒಂದು ಗಳಿಗೆ ತಮ್ಮ ಫೋನಿಗೆ ಹಾಕಿ ನೋಡುವುದು ಅದಕ್ಕಿಂತ ಖಚಿತ. ದೂರು ಕೊಟ್ಟಾಗ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು, ಪರಿಹಾರ ದೊರೆಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅದು ಬೇಕಾಗುತ್ತದೆ.

ಹಳೆಯ ಸಿಮ್ಮನ್ನು 4ಜಿ ಸಿಮ್ಮಿಗೆ ಬದಲಾಯಿಸುವವರು ದಿನವನ್ನು ನೋಡಿ ಬದಲಾಯಿಸಬೇಕು. ವಂಚನೆಯನ್ನು ತಡೆಯಲೆಂದು ದೂರಸಂಪರ್ಕ ಇಲಾಖೆಯು 2022ರಲ್ಲಿ ಮಾಡಿದ ಆದೇಶದಂತೆ ಸಿಮ್ ಬದಲಾದ ಮೇಲೆ 24 ಗಂಟೆಗಳ ಕಾಲ ಎಸ್‌ಎಂಎಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ; ಆದ್ದರಿಂದ ಓಟಿಪಿಯೂ ಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಸಿಮ್ ಬದಲಾದ ಏಳು ದಿನಗಳೊಳಗೆ ಸಂಖ್ಯೆಯನ್ನು ಬೇರೆ ಕಂಪನಿಗೆ ಒಯ್ಯಲೂ ಬರುವುದಿಲ್ಲ. ಕೊಬ್ಬರಿ ನೋಂದಣಿಗೆಂದು ಪಹಣಿ, ಆಧಾರ್ ಹಿಡಿದು ಸರತಿಯಲ್ಲಿ ನಿಲ್ಲುವುದಕ್ಕೆ ಹಿಂದಿನ ದಿನ ಸಿಮ್ ಅಂಗಡಿಗೆ ಹೋಗತಕ್ಕದ್ದಲ್ಲ. ಆ ಕೆಲಸವನ್ನು ಒಂದು ವಾರ ಮೊದಲೇ ಮುಗಿಸಿಕೊಂಡು, ಮನೆಯಲ್ಲಿ ಒಂದು ಕರೆಯನ್ನೂ ಒಂದು ಸಂದೇಶವನ್ನೂ ಪರೀಕ್ಷಿಸಿ ನೋಡಿಕೊಂಡಿರಬೇಕು.